ಐವತ್ತಕ್ಕೇ ಮರೆವು: ಇಂಗ್ಲೆಂಡಿನ ಫಾರಂ, ಕೋಲಾರದ ಡೈರಿ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಂಬಿ ಐವತ್ತರವರ ಕಾಯಿಲೆ ಗುರುತಿಸದೆ ಕೂರುತ್ತೇವೆ. 65ರೊಳಗೆ ಶುರುವಾಗುವ ಡಿಮೆನ್ಷಿಯಾದಲ್ಲಿ (ಮೆದುಳಿನ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಎಷ್ಟೋ ಸಲ ಮರೆವು ಮೊದಲು ಕಾಣುವುದಿಲ್ಲ. ಲೆಕ್ಕ ತಪ್ಪುತ್ತದೆ, ಮಾತಿಗೆ ಪದ ಸಿಗದು, ಸಂಕೋಚದ ಮನುಷ್ಯ ಬೀದಿಯಲ್ಲಿ ನಿಂತು ಬಯ್ಯತೊಡಗುತ್ತಾರೆ. ಕುಡಿತ, ಸಾಲದ ಟೆನ್ಷನ್, ಗಾಳಿ ಸೋಕಿದ್ದು ಎನ್ನುತ್ತಲೇ ಕಾಲ ಕಳೆಯುತ್ತದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ತಂದ ಮೆದುಳು ಆರೋಗ್ಯ ಯೋಜನೆ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಮಾತ್ರ ಬಿಡಬಾರದು. ಆ ಕೊರತೆಯಿಂದ ಬಂದ ಮಂಕು ಔಷಧಿಗೆ ಬಗ್ಗುತ್ತದೆ.

ನಾನಿರುವ ಇಂಗ್ಲೆಂಡಿನಲ್ಲಿ ಇಂಥವರೂ ಮನೆಯವರೂ ಸೇರಿ ಹರಟಲೆಂದು ಮೆಮೊರಿ ಕೆಫೆಗಳಿವೆ. ಅವನ್ನು ಊರಿಗೆ ಹೊತ್ತು ತರಬೇಕೆಂದು ನನಗನಿಸುವುದಿಲ್ಲ. ಬೆಳಿಗ್ಗೆ ಸಂಜೆ ಊರೇ ಸೇರುವ ಹಾಲಿನ ಡೈರಿ ನಮ್ಮಲ್ಲಿದೆಯಲ್ಲ! ಕ್ಯಾನು ಹಿಡಿದು ನಡೆಯುವುದು ಕೈಕಾಲಿಗೆ ರೂಢಿಯಾದ ಕೆಲಸ, ನಿನ್ನೆಯ ಮಾತು ಅಳಿಸಿದ ಮೇಲೂ ಬಹಳ ಕಾಲ ಉಳಿಯುತ್ತದೆ. “ನಿನ್ ಕೈಲಾಗಲ್ಲ, ಕೂತ್ಕೋ” ಎಂದು ಮನೆಯವರು ಕ್ಯಾನು ಕಿತ್ತುಕೊಂಡರೆ ಜನರ ಒಡನಾಟವೂ ಹೋಯಿತು. ಕೆಡುವುದು ಬಟವಾಡೆ ದಿನ: ಹಾಲಿನ ಲೆಕ್ಕದ ಚೀಟಿ ಕಳೆದಿರುತ್ತದೆ, ದುಡ್ಡೇ ಕೊಟ್ಟಿಲ್ಲವೆಂದು ಜಗಳ. ಕ್ಯಾನಿನ ಹಿಡಿಗೊಂದು ಸಣ್ಣ ಚೀಲ ಕಟ್ಟಿ, ಕಾರ್ಯದರ್ಶಿಯೇ ಚೀಟಿಯನ್ನು ಅದರೊಳಗೆ ಹಾಕಲಿ. ದುಡ್ಡು ಜಂಟಿ ಖಾತೆಗೆ ಬೀಳಲಿ. ಸಾಲಿನಲ್ಲಿ ನಿಂತವರು ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. “ಅಣ್ಣಾ, ಕ್ಯಾನು ಇಲ್ಲಿಡಿ.” ಅಷ್ಟು ಸಾಕು. “ನಾನ್ಯಾರು ಹೇಳು ನೋಡೋಣ” ಎಂಬ ಪರೀಕ್ಷೆ ಬೇಡವೇ ಬೇಡ.

ಇಂಗ್ಲೆಂಡಿನಿಂದ ತರಬೇಕಾದ್ದು ಕಾಗದದ ಶಿಸ್ತು. ಅಲ್ಲಿನ ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ನಂಬಿದವರಿಗೆ ಬರೆದುಕೊಡುವ ಅಧಿಕಾರಪತ್ರ, ಬುದ್ಧಿ ಮಂಕಾದ ಮೇಲೂ ನಡೆಯುತ್ತದೆ. ನಮ್ಮ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬುದ್ಧಿ ಮಂಕಾದೊಡನೆ ಸತ್ತುಹೋಗುತ್ತದೆ. ಆಮೇಲೆ ಜಮೀನಿನ ವ್ಯವಹಾರಕ್ಕೆ ಕೋರ್ಟಿನಿಂದ ಪೋಷಕರ (ಗಾರ್ಡಿಯನ್) ನೇಮಕವಾಗಬೇಕು. ಹಾಗಾಗಿ ತಿಳಿವಳಿಕೆ ಇರುವಾಗಲೇ ಜಂಟಿ ಖಾತೆ, ನೋಂದಾಯಿತ ವಿಲ್ ಮುಗಿಸಿ. ಸರ್ಕಾರಿ ನೌಕರರಾದರೆ ರಾಜೀನಾಮೆ ಬರೆದುಕೊಡುವ ಮುಂಚೆ ಅಂಗವಿಕಲತೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್, ಸೇವೆಯಲ್ಲಿದ್ದಾಗ ಬಂದ ವೈಕಲ್ಯಕ್ಕೆ ಕೆಲಸದಿಂದ ತೆಗೆಯಬಾರದು, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ.

ಇಂಗ್ಲೆಂಡಿನಿಂದ ತರಬೇಕಾದ ಇನ್ನೊಂದು, ಅಲ್ಲಿನ ಪೊಲೀಸರ ‘ಹರ್ಬರ್ಟ್ ಪ್ರೋಟೊಕಾಲ್’. ಕಳೆದುಹೋಗುವ ಮುಂಚೆಯೇ ಮನೆಯವರು ತುಂಬಿಟ್ಟುಕೊಳ್ಳುವ ಫಾರಂ ಅದು: ಫೋಟೋ, ಗುರುತು, ಔಷಧಿ, ಹಳೆ ಮನೆ, ಹಳೆ ಕೆಲಸದ ಜಾಗ. ದಾರಿ ತಪ್ಪಿದವರು ಎಷ್ಟೋ ಸಲ ಹೊರಡುವುದು ಹಳೆಯ ದಿನಚರಿಗೇ. ವರ್ಷಗಟ್ಟಲೆ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿದವರನ್ನು ಮೊದಲು ಸ್ಟೇಷನ್ನಿನಲ್ಲಿ ಹುಡುಕಿ. ಮುಳಬಾಗಿಲ ಕಡೆಯವರಾದರೆ ಮನೆಮಾತು ತೆಲುಗೋ ಕನ್ನಡವೋ ಬರೆದಿಡಿ. ಆಮೇಲೆ ಕಲಿತ ಭಾಷೆ ಮೊದಲು ಕೈಕೊಡುವುದುಂಟು. ಒಂದೊಂದು ಪ್ರತಿ ಡೈರಿಗೆ, ಆಟೋ ಸ್ಟ್ಯಾಂಡಿಗೆ, ಠಾಣೆಗೆ. ಫೋಟೋ ಆರು ತಿಂಗಳಿಗೊಮ್ಮೆ ಬದಲಾಯಿಸಿ. ಈಗ ಗಡ್ಡ ಬಿಟ್ಟಿರುವವರನ್ನು ಮದುವೆ ಆಲ್ಬಮ್ಮಿನ ಫೋಟೋ ಹಿಡಿದು ಹುಡುಕಿದರೆ ಯಾರು ಗುರುತಿಸಿಯಾರು?