ಹಾಳೂರಿಗೆ ಉಳಿದವನೇ ಗೌಡ

ಹೋದ ವಾರ ನನ್ನ ಫೋಟೋಗೆ ಮೊದಲ ಬಹುಮಾನ ಬಂತು. ನಮ್ಮದೊಂದು ಹವ್ಯಾಸಿ ಫೋಟೋಗ್ರಾಫರ್‌ಗಳ ಆನ್‌ಲೈನ್ ಬಳಗ ಇದೆ, ಅದರ ವಾರದ ಸ್ಪರ್ಧೆ. ವಿಷಯ 'ಏಕಾಂತ'. ಬಂದ ಫೋಟೋ ಒಂದು. ಹಿಂದಿನ ವಾರ ಗೆದ್ದವರೇ ಈ ವಾರದ ತೀರ್ಪುಗಾರರು ಅಂತ ನಿಯಮ, ಹಿಂದಿನ ವಾರವೂ ನಾನೇ ಗೆದ್ದಿದ್ದರಿಂದ ತೀರ್ಪು ಕೊಟ್ಟವನೂ ನಾನೇ. ಎರಡನೇ ಬಹುಮಾನ ಮಾತ್ರ ಯಾರಿಗೂ ಕೊಡಲಿಲ್ಲ. ಗುಣಮಟ್ಟದ ವಿಷಯದಲ್ಲಿ ನಾನು ಸ್ವಲ್ಪ ಬಿಗಿ.

ಸದಸ್ಯರ ಪಟ್ಟಿ ನೋಡಿದರೆ ಜಾತ್ರೆ. ಸಾವಿರಾರು ಹೆಸರು. ಒಬ್ಬರೂ ಬಿಟ್ಟುಹೋಗಿಲ್ಲ, ಸುಮ್ನೆ ಬರೋದು ನಿಲ್ಲಿಸಿದ್ದಾರೆ ಅಷ್ಟೇ.

ಹಿಂದೆ ಹೀಗಿರಲಿಲ್ಲ. 2004ರಲ್ಲಿ ಫೋಟೋ ಹಂಚಿಕೊಳ್ಳುವ ಜಾಲತಾಣ ಫ್ಲಿಕರ್ ಶುರುವಾದ ಮೇಲಿನ ಆ ವರ್ಷಗಳಲ್ಲಿ ಒಂದು ಫೋಟೋ ಹಾಕಿದರೆ ಕಮೆಂಟ್‌ಗಳ ಮಳೆ. ಮಳೆಯ ಗುಟ್ಟೂ ಹೇಳಿಬಿಡುತ್ತೇನೆ. ಎಷ್ಟೋ ಗುಂಪುಗಳಲ್ಲಿ 'ಒಂದು ಫೋಟೋ ಹಾಕಿ, ಎರಡು ಫೋಟೋಗೆ ಕಮೆಂಟ್ ಮಾಡಿ' ಅಂತ ಕಟ್ಟಳೆ ಇತ್ತು. ಅದಕ್ಕೆ ಬರೆಯುವ ಕಷ್ಟವೂ ಬೇಡ, ಮಿನುಗುವ ನಕ್ಷತ್ರ, ಚಿನ್ನದ ಅಂಚು ಇರುವ ಒಂದು ಬಿಲ್ಲೆಯನ್ನು ತಂದು ಅಂಟಿಸಿದರೆ ಆಯ್ತು. ನೀನು ನನಗೆ ಅಂಟಿಸು, ನಾನು ನಿನಗೆ ಅಂಟಿಸುತ್ತೇನೆ. ಪಕ್ಕಾ ಮುಯ್ಯಿ ಲೆಕ್ಕ. ಫೋಟೋ ನೋಡಲೇಬೇಕು ಅಂತ ಮಾತ್ರ ಯಾವ ನಿಯಮದಲ್ಲೂ ಇರಲಿಲ್ಲ.

ನಮ್ಮ ಬಳಗದಲ್ಲಿ ಒಮ್ಮೆ ಹಿರಿಯ ಸದಸ್ಯರೊಬ್ಬರು ಸೂರ್ಯಾಸ್ತದ ಫೋಟೋ ಹಾಕಿದರು. ಕೆಳಗೆ ಸಾಲಾಗಿ ನಕ್ಷತ್ರ, ಕಿರೀಟ, ಚಪ್ಪಾಳೆ, 'ಅದ್ಭುತ ಸರ್', 'ಮಾತೇ ಬರ್ತಿಲ್ಲ ಸರ್'. ನಡುವೆ ಹೊಸ ಹುಡುಗನೊಬ್ಬ, ಪಾಪ, ಕೇಳಿಬಿಟ್ಟ: 'ಸರ್, ಹಾರಿಜಾನ್ ಸ್ವಲ್ಪ ವಾಲಿದೆ ಅಲ್ವಾ?' ಕಡಲೂ ಆಕಾಶವೂ ಕೂಡುವ ಗೆರೆ ವಾಲಿತ್ತು. ಇನ್ನೊಂದು ಚೂರು ವಾಲಿದ್ದರೆ ಸಮುದ್ರದ ನೀರೆಲ್ಲ ಬಲಗಡೆಯಿಂದ ಚೆಲ್ಲಿ ಕೆಳಗಿನ ಕಮೆಂಟ್‌ಗಳ ಮೇಲೆ ಬೀಳುತ್ತಿತ್ತು. ಆದರೂ ಬಳಗ ಎದ್ದು ನಿಂತಿತು. ಅದು ವಾಲಿದ್ದಲ್ಲ, ಕಲಾವಿದರ ದೃಷ್ಟಿ ಅಂದರು. ನಿನ್ನ ಫೋಟೋ ತೋರಿಸು ಮೊದಲು ಅಂದರು. ಸಂಜೆಯ ಹೊತ್ತಿಗೆ ಹುಡುಗನನ್ನು 'ನಕಾರಾತ್ಮಕ ಧೋರಣೆ'ಗಾಗಿ ಹೊರಗೆ ಹಾಕಲಾಯಿತು. ಅಲ್ಲಿಂದೀಚೆಗೆ ಬಳಗದಲ್ಲಿ ಯಾರ ಹಾರಿಜಾನೂ ವಾಲಿಲ್ಲ.

ಉಳಿದವರಲ್ಲಿ ಅರ್ಧ ಜನ ಫೋಟೋ ತೆಗೆಯುವ ಚಟವನ್ನೇ ಮೀರಿದವರು. ಅವರದ್ದು ಲೆನ್ಸ್ ಚಿಂತನೆ. ಹೊಸ ಲೆನ್ಸ್ ಬಂದ ದಿನ ಒಂದು ಇಟ್ಟಿಗೆ ಗೋಡೆ ತೆಗೆಯುತ್ತಾರೆ, ಮಾರನೇ ದಿನ ಬೆಕ್ಕಿನ ಮೀಸೆ ತೆಗೆಯುತ್ತಾರೆ, ಆಮೇಲೆ ಎರಡನ್ನೂ ದೊಡ್ಡದು ಮಾಡಿ ಮಾಡಿ ನೋಡಿ, 'ಎಡಗಡೆ ಮೂಲೆ ಸ್ವಲ್ಪ ಸಾಫ್ಟ್, ಮಸುಕು' ಅಂತ ನಿಟ್ಟುಸಿರು ಬಿಟ್ಟು ಅದನ್ನು ಮಾರಿ ಇನ್ನೊಂದು ತರುತ್ತಾರೆ. ಮತ್ತೆ ಅದೇ ಗೋಡೆ. ಬೆಕ್ಕಿಗೆ ಮಾತ್ರ ವಯಸ್ಸಾಗುತ್ತಿದೆ.

ಜನ ಯಾಕೆ ಬರಲ್ಲ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಮೊಬೈಲು. ನಿಜ, ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘದ ಲೆಕ್ಕದಲ್ಲಿ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಹೋಗಿದ್ದವು, 2023ರ ಹೊತ್ತಿಗೆ ಅದು 80 ಲಕ್ಷಕ್ಕೂ ಕಡಿಮೆ. ಆದರೆ ಫೋಟೋ ತೆಗೆಯೋದು ಕಡಿಮೆಯಾಗಿಲ್ಲವಲ್ಲ, ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ಎಲ್ಲರೂ ತೆಗೆಯುತ್ತಿರುವುದರಿಂದ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಅಂದ ಹಾಗೆ, 'ಮೊಬೈಲ್‌ನಿಂದಲೇ ಎಲ್ಲ ಹಾಳಾಯ್ತು' ಅಂತ ಬಳಗದಲ್ಲಿ ಬರೆದವರು ಅದನ್ನು ಟೈಪ್ ಮಾಡಿದ್ದೂ ಮೊಬೈಲಲ್ಲೇ.

ಇನ್‌ಸ್ಟಾಗ್ರಾಂಗೆ ಹೋದವರ ಕಥೆ ಇನ್ನೂ ಚೆನ್ನ. 2010ರಲ್ಲಿ ಚೌಕಾಕಾರದ ಫೋಟೋಗೆಂದೇ ಹುಟ್ಟಿದ್ದು ಅದು. 2021ರಲ್ಲಿ ಅದರ ಮುಖ್ಯಸ್ಥ ಆಡಮ್ ಮೊಸ್ಸೆರಿಯೇ ನಮ್ಮದು ಇನ್ನು ಫೋಟೋ ಆ್ಯಪ್ ಅಲ್ಲ ಅಂದುಬಿಟ್ಟರು. ನಮ್ಮವರು ಬಗ್ಗಲಿಲ್ಲ, ರೀಲ್ಸ್ ಶುರು ಮಾಡಿದರು. ಟ್ರೈಪಾಡ್ ಹೆಗಲಿಗೇರಿಸಿ ನಿಧಾನಕ್ಕೆ ನಡೆಯುವುದು, ದೂರ ನೋಡುವುದು, ಲೆನ್ಸ್ ಮೇಲೆ ಉಫ್ ಅಂತ ಊದುವುದು, ಕ್ಲಿಕ್. ಕೊನೆಯ ಅರ್ಧ ಸೆಕೆಂಡು ಫೋಟೋ.

ಹಳೇ ಮನೆಗಳ ಮೇಲೆ ನಮಗೆ ಪ್ರೀತಿ ಇಲ್ಲ ಅಂತ ಮಾತ್ರ ಹೇಳಬೇಡಿ. ಫ್ಲಿಕರ್ ಕೈಬದಲಾಗಿ, ಪುಕ್ಕಟೆ ಖಾತೆಗೆ 1000 ಫೋಟೋ ಸಾಕು ಅಂತ 2018ರ ಕೊನೆಗೆ ಹೇಳಿದಾಗ, ತಮ್ಮ ಫೋಟೋಗಳನ್ನು ತಾವೇ ವರ್ಷಗಟ್ಟಲೆ ತಿರುಗಿ ನೋಡದವರೂ ಅನ್ಯಾಯ ಅಂತ ಕೂಗಿದರು. ಕ್ಯಾಮೆರಾ ವಿಮರ್ಶೆಯ ಜಾಲತಾಣಗಳ ಹಿರಿಯಜ್ಜ ಡಿಪಿರಿವ್ಯೂವನ್ನು ಮುಚ್ಚುತ್ತೇವೆ ಅಂತ 2023ರ ಮಾರ್ಚ್‌ನಲ್ಲಿ ಅಮೆಜಾನ್ ಘೋಷಿಸಿತು. ಆಹಾ, ಏನು ಅಳು! ಆ ಕಡೆ ತಲೆ ಹಾಕಿಯೂ ಮಲಗದ ನಾನೇ ಎರಡು ಪ್ಯಾರಾ ಅತ್ತಿದ್ದೆ. ಜೂನ್‌ನಲ್ಲಿ ಬೇರೆಯವರು ಅದನ್ನು ಕೊಂಡರು, ಅಜ್ಜ ಎದ್ದು ಕೂತರು. ಅಳೋಕೆ ಬಂದವರು ಚಪ್ಪಲಿ ಹುಡುಕತೊಡಗಿದರು.

ಬಳಗವನ್ನು ಉಳಿಸಬೇಕು ಅಂತ ನಾನೂ ಸುಮ್ಮನೆ ಕೂತಿಲ್ಲ. ಹೊಸದಾಗಿ ಒಂಬತ್ತು ನಿಯಮ ಸೇರಿಸಿದ್ದೇನೆ. ವಾಟರ್‌ಮಾರ್ಕ್, ಅಂದರೆ ಫೋಟೋ ಮೇಲಿನ ಹೆಸರಿನ ಮುದ್ರೆ, ಎಲ್ಲಿರಬೇಕು, ಎಷ್ಟಿರಬೇಕು, ಶಟರ್ ಸ್ಪೀಡ್ ಎಷ್ಟು ಅಂತ ಕಡ್ಡಾಯವಾಗಿ ಬರೆಯಬೇಕು, ಹೀಗೆ. ನಿಜ ಹೇಳಬೇಕಂದ್ರೆ 'ಏಕಾಂತ'ಕ್ಕೆ ಇನ್ನೊಂದು ಫೋಟೋನೂ ಬಂದಿತ್ತು. ಯಾರೋ ಹೊಸಬರು. ಕಿಟಕಿ ಪಕ್ಕ ಖಾಲಿ ಕುರ್ಚಿ, ಅದರ ಮೇಲೆ ಮಡಚಿಟ್ಟ ಕನ್ನಡಕ, ಗಾಜಿನ ಮೂಲಕ ಬಂದ ಬೆಳಕು ನೆಲದ ಮೇಲೆ ಎರಡು ಸಣ್ಣ ಉಂಗುರ. ತುಂಬಾ ಹೊತ್ತು ನೋಡಿದೆ. ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ನಾಲ್ಕು ನಿಮಿಷ ತಡವಾಗಿ ಬಂದಿತ್ತು, ವಾಟರ್‌ಮಾರ್ಕೂ ಇರಲಿಲ್ಲ. ನಿಯಮ ನಿಯಮವೇ. ತಿರಸ್ಕರಿಸಿದೆ.

ಮುಂದಿನ ವಾರದ ವಿಷಯ 'ಜನಜಂಗುಳಿ'. ನನ್ನ ಫೋಟೋ ರೆಡಿ ಇದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಟೈಮರ್ ಹಾಕಿ, ಒಂದೇ ಫ್ರೇಮಿನಲ್ಲಿ ಹನ್ನೊಂದು ಕಡೆ ನಾನೇ ಹೋಗಿ ನಿಂತಿದ್ದೇನೆ.