ಎಣ್ಣೆ ಆಮೇಲೆ, ಮೊದಲು ನೀರಿನ ಲೆಕ್ಕ ಹೇಳಿ

ಪಾಚಿಯಿಂದ ಡೀಸೆಲ್ ತೆಗೆಯುವ ಅದೇ ವಿಡಿಯೊ ಮತ್ತೆ ಬಂದಿದೆ. ಗಾಜಿನ ಕೊಳವೆಯಲ್ಲಿ ಹಸಿರು ನೀರು ಗುಳುಗುಳು, ಹಿಂದೆ ಹುರುಪಿನ ಸಂಗೀತ, ಕೊನೆಗೆ ಬೀಕರಿನಲ್ಲಿ ಹೊಂಬಣ್ಣದ ಡೀಸೆಲ್. ‘ಈ ಪಾಚಿಯಲ್ಲಿ ಶೇ 40 ಎಣ್ಣೆ, ಹೊಂಗೆ ಇನ್ನು ಮೂಲೆಗೆ!’ ಹಸಿರು ನೀರಿಗೂ ಬೀಕರಿಗೂ ನಡುವೆ ಒಂದು ಕಟ್ ಇದೆಯಲ್ಲ ಸ್ವಾಮಿ, ದುಡ್ಡೆಲ್ಲ ಸುರಿದುಹೋಗುವುದು ಅಲ್ಲೇ.

ಹೊಂಗೆ ಬೀಜವನ್ನು ಬಿಸಿಲಿಗೆ ಹರಡಿ ಗಾಣಕ್ಕೆ ಹಾಕಬಹುದು. ಪಾಚಿ? ಪ್ಯಾಡಲ್ ತಿರುಗುವ, 20–30 ಸೆಂ.ಮೀ ಆಳದ ರೇಸ್‌ವೇ ಕೊಳದಲ್ಲಿ ಚೆನ್ನಾಗಿ ಬೆಳೆದರೂ ಲೀಟರಿಗೆ ಅರ್ಧ ಗ್ರಾಂ ಆಸುಪಾಸು. ಎಣ್ಣೆ ಶೇ 25 ಅಂತ ಧಾರಾಳವಾಗಿ ಹಿಡಿಯಿರಿ. ಒಂದು ಲೀಟರ್ ಎಣ್ಣೆಗೆ 3.6 ಕೆ.ಜಿ ಒಣ ಪಾಚಿ, ಅಂದರೆ 7,200 ಲೀಟರ್ ನೀರು ಸೋಸಬೇಕು. ನೀರನ್ನು ಮತ್ತೆ ಕೊಳಕ್ಕೇ ಬಿಡಬಹುದು, ಒಪ್ಪಿದೆ. ಸೋಸಲು ಸುಟ್ಟ ಕರೆಂಟು ವಾಪಸ್ ಬರುತ್ತಾ? ಸೀದಾ, ಗಿರಗಿರ ತಿರುಗಿಸಿ ಪಾಚಿ ಬೇರ್ಪಡಿಸುವ ಸೆಂಟ್ರಿಫ್ಯೂಜ್‌ಗೆ ಬಿಟ್ಟರೆ ಘನಮೀಟರಿಗೆ ಒಂದು ಯೂನಿಟ್ ಎಂದರೂ 7 ಯೂನಿಟ್. ಒಂದು ಲೀಟರ್ ಡೀಸೆಲ್ ಹಾಕಿದರೆ ಜನರೇಟರ್ ಕೊಡುವುದು ಮೂರೂವರೆ ಯೂನಿಟ್!

‘ಬಟ್ಟೆಯಲ್ಲಿ ಸೋಸಿ’ ಅನ್ನುವವರು ಸ್ಪಿರುಲಿನಾ ಎಂಬ ಪಾಚಿ ನೋಡಿದವರು. ಅದು ದಾರದ ಹಾಗಿದೆ, ಬಟ್ಟೆಗೆ ಸಿಗುತ್ತದೆ, ಎಣ್ಣೆ ಮಾತ್ರ ಶೇ 10 ಕೂಡ ಇಲ್ಲ. ಎಣ್ಣೆ ಕೊಡುವ ನ್ಯಾನೋಕ್ಲೋರಾಪ್ಸಿಸ್ 2–4 ಮೈಕ್ರಾನ್, ಬಟ್ಟೆಯಿಂದ ಜಾರಿಹೋಗುತ್ತದೆ. ಕೋಶಗಳ ಮೇಲೆ ಋಣಾವೇಶ ಇರುವುದರಿಂದ ಒಂದನ್ನೊಂದು ತಳ್ಳಿಕೊಂಡು ತೇಲುತ್ತಲೇ ಇರುತ್ತವೆ. ಪಟಿಕ ಹಾಕಿದರೆ ಗೆಡ್ಡೆಕಟ್ಟಿ ತಳಕ್ಕೆ ಕೂರುತ್ತವೆ, ನಿಜ. ಉಪ್ಪುನೀರಾದರೆ ಪಟಿಕ ಹಲವು ಪಟ್ಟು ಬೇಕು, ಅಲ್ಯುಮಿನಿಯಂ ಹಿಂಡಿಯಲ್ಲೇ ಉಳಿಯುತ್ತದೆ, ಆ ಹಿಂಡಿಯನ್ನು ದನಕ್ಕೆ ಹಾಕುವ ಆಸೆ ಬಿಡಿ.

ಹೇಗೋ ಶೇ 20ರ ಪೇಸ್ಟ್ ಆಯಿತು ಅನ್ನಿ. ಅದರಲ್ಲಿ ಇನ್ನೂ 14.4 ಕೆ.ಜಿ ನೀರಿದೆ. ಆವಿ ಮಾಡಲು ಸುಮಾರು 37 ಮೆಗಾಜೌಲ್ ಬೇಕು. ಬರುವ ಒಂದು ಲೀಟರ್ ಬಯೋಡೀಸೆಲ್‌ನಲ್ಲಿ ಇರುವುದು 33. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ! ಬಿಸಿಲಿಗೆ ಹಾಕುತ್ತೀರಾ? ತೆಳ್ಳಗೆ ಹರಡದೆ ತಡವಾದರೆ ಕೋಶದೊಳಗಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲ ಮಾಡಿಟ್ಟಿರುತ್ತದೆ. ಆಮೇಲೆ ಡೀಸೆಲ್ ಮಾಡಲು ಮೆಥನಾಲ್ ಜೊತೆ ಕ್ಷಾರ ಸೇರಿಸಿದರೆ ಸಿಗುವುದು ಸೋಪು. ಹಸಿಯಾಗಿಯೇ ಎಣ್ಣೆ ಕರಗಿಸುವ ಹೆಕ್ಸೇನ್ ದ್ರಾವಕ ಹಾಕಿದರೆ ನೀರಿನ ಪದರ ಅದನ್ನು ಎಣ್ಣೆಯ ಹತ್ತಿರ ಬಿಡುವುದಿಲ್ಲ. ಬೀಡ್ ಮಿಲ್‌ನಲ್ಲಿ ಕೋಶಭಿತ್ತಿ ಒಡೆದು ಕಲಕಿದರೆ ಎಣ್ಣೆ-ನೀರು ಬೇರ್ಪಡದ ಎಮಲ್ಷನ್ ಕಟ್ಟಿಕೊಳ್ಳುತ್ತದೆ. ಮಜ್ಜಿಗೆ ಕಡೆದಂತೆ ಕಡೆಯಬಹುದು, ಬೆಣ್ಣೆ ಮಾತ್ರ ತೇಲುವುದಿಲ್ಲ.

ಇನ್ನು ಆ ಶೇ 40. ಸಾರಜನಕ ನಿಲ್ಲಿಸಿ ಪಾಚಿಯನ್ನು ಉಪವಾಸ ಕೆಡವಿದರೆ ಎಣ್ಣೆ ಏರುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಈ ಎರಡನೇ ಅರ್ಧ ಯಾವ ವಿಡಿಯೊದಲ್ಲೂ ಬರುವುದಿಲ್ಲ. ಮೇಲಾಗಿ ಲ್ಯಾಬಿನಲ್ಲಿ ಎಣ್ಣೆ ಅಳೆಯಲು ಬಳಸುವ ಕ್ಲೋರೋಫಾರ್ಮ್–ಮೆಥನಾಲ್ ಕ್ಲೋರೋಫಿಲ್, ಫಾಸ್ಫೋಲಿಪಿಡ್ ಎಲ್ಲವನ್ನೂ ಎಳೆದು ತರುತ್ತದೆ, ಅದನ್ನೂ ‘ಎಣ್ಣೆ’ ಅಂತಲೇ ತೂಗುತ್ತಾರೆ.

‘ಹೈಡ್ರೋಥರ್ಮಲ್ ವಿಧಾನ ಇದೆಯಲ್ಲ, ಒಣಗಿಸುವುದೇ ಬೇಡ’ ಎಂದು ಓದಿಕೊಂಡವರು ಬರುತ್ತಾರೆ. ಇದೆ. ಹಸಿ ಪೇಸ್ಟನ್ನೇ ಬೇಯಿಸಿ ಕಚ್ಚಾ ಎಣ್ಣೆ ಮಾಡುವುದು: 300–350 ಡಿಗ್ರಿ, 200 ಬಾರ್‌ವರೆಗೆ ಒತ್ತಡ. ಒಣಗಿಸುವ ಖರ್ಚು ಉಳಿಯಿತು, ಸರಿ. ಆದರೆ ಅದಕ್ಕೂ ಬೇಕಿರುವುದು ಶೇ 20ರ ಆಸುಪಾಸಿನ ಪೇಸ್ಟೇ! 7,200 ಲೀಟರ್ ಸೋಸಿದ ಮೇಲಿನ ಮಾತು ಅದು. ಜೊತೆಗೆ ಪ್ರೋಟೀನಿನ ಸಾರಜನಕ ಕಚ್ಚಾ ಎಣ್ಣೆಗೆ ಇಳಿಯುತ್ತದೆ, ತೆಗೆಯಲು ಹೈಡ್ರೋಜನ್ ಬೇಕು.

ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದರ ಹಿಂದೆ ಬಿದ್ದಿತ್ತು, ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ ಕೊಳ ಕಟ್ಟಿಯೂ ನೋಡಿತು. ಎಕ್ಸಾನ್‌ಮೊಬಿಲ್ ಎಂಬ ತೈಲ ಕಂಪನಿ 2009ರಲ್ಲಿ 60 ಕೋಟಿ ಡಾಲರ್‌ವರೆಗೆ ಸುರಿಯುತ್ತೇವೆ ಅಂದಿತು. 2017ರಲ್ಲಿ ಎಣ್ಣೆಯಂಶ ಶೇ 40 ದಾಟಿಸಿದೆವು ಅಂತಲೂ ಸಾರಿತು, 2023ರ ಹೊತ್ತಿಗೆ ಕೈತೊಳೆದುಕೊಂಡಿತು. ಎಣ್ಣೆ ಕಡಿಮೆ ಬಿದ್ದು ಹೋದದ್ದಲ್ಲ, ನೋಡಿ.

ಪಾಚಿ ಎಂದರೆ ನನಗೂ ಮೋಹವೇ, ಅದಕ್ಕೇ ಇಷ್ಟು ಸಿಟ್ಟು.

ಅಂದಹಾಗೆ, ‘ನಮ್ಮ ಕೆರೆಯ ಪಾಚಿ ಆಗುತ್ತಾ’ ಎಂದು ಕೇಳುವವರಿಗೆ: ಆಗುವುದಿಲ್ಲ. ಕೊಳಚೆ ಸೇರಿದ ಕೆರೆಯ ಮೇಲೆ ಬಣ್ಣ ಬಳಿದಂತೆ ತೇಲುವುದು ಹೆಚ್ಚಾಗಿ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಡೀಸೆಲ್ ಆಗುವಷ್ಟು ಎಣ್ಣೆ ಅದರಲ್ಲಿಲ್ಲ, ಯಕೃತ್ತಿಗೆ ಬಡಿಯುವ ವಿಷ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ.