ಉತ್ತರ ಕನ್ನಡದ ಹಳೆ ಕಟ್ಟಡ ನೋಡುವುದಾದರೆ ಮಳೆಗಾಲದಲ್ಲೇ ನೋಡಬೇಕು

ಹೆರಿಟೇಜ್ ವಾಕ್ ಅನ್ನಿ, ಪರಂಪರೆ ನಡಿಗೆ ಅನ್ನಿ, ನಮ್ಮ ಜಿಲ್ಲೆಯಲ್ಲೂ ಅಲ್ಲೊಂದು ಇಲ್ಲೊಂದು ನಡೆಯುತ್ತಿವೆ. ನನಗೆ ಇದು ನಿಜಕ್ಕೂ ಖುಷಿಯ ಸಂಗತಿ. ಬೀಚು, ಜಲಪಾತ ಬಿಟ್ಟರೆ ಇಲ್ಲಿ ನೋಡಲು ಇನ್ನೇನೂ ಇಲ್ಲ ಅಂದುಕೊಂಡವರನ್ನು ಒಂದು ಹಳೆಯ ಗೋಡೆಯ ಮುಂದೆ ನಿಲ್ಲಿಸುವುದು ಸಣ್ಣ ಕೆಲಸ ಅಲ್ಲ. ಆದರೆ ನನ್ನದೊಂದು ತಕರಾರು ಇದೆ, ಬಹಳ ದಿನದಿಂದ ಹೇಳಬೇಕು ಅಂತಿದ್ದೆ. ಈ ನಡಿಗೆಗಳನ್ನು ನಾವು ತಪ್ಪು ಕಾಲದಲ್ಲಿ ಇಟ್ಟುಕೊಳ್ಳುತ್ತಿದ್ದೇವೆ.

ಕ್ಯಾಲೆಂಡರ್ ನೋಡಿ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ಅಷ್ಟು ಹೊತ್ತಿಗೆ ನಮ್ಮಲ್ಲಿ ಶಾಲೆಗೆ ಬೇಸಿಗೆ ರಜೆ ಬಿದ್ದಿರುತ್ತದೆ, ಮಕ್ಕಳು ಅಜ್ಜನ ಮನೆ ಸೇರಿರುತ್ತಾರೆ, ಕರಾವಳಿಯ ಸೆಖೆಯಲ್ಲಿ ಹತ್ತು ಗಂಟೆಯ ಮೇಲೆ ಹೊರಗೆ ನಿಲ್ಲಲೂ ಆಗುವುದಿಲ್ಲ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಅದು ಹವೆಗೆ ಒಳ್ಳೆಯದು, ಒಪ್ಪಿದೆ. ಆದರೆ ಆಗ ಮಳೆ ಮುಗಿದು ಎಲ್ಲ ಒಣಗಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಕರಾವಳಿಯಲ್ಲಿ ಗುಡಿ ಕಟ್ಟಿದವರೂ ಮನೆ ಕಟ್ಟಿದವರೂ ಮೊದಲು ಯೋಚನೆ ಮಾಡಿದ್ದು ನೀರಿನ ಬಗ್ಗೆ. ಆ ನೀರೇ ಇಲ್ಲದ ದಿನ ಹೋಗಿ ನೋಡಿದರೆ ಅರ್ಧ ಕಟ್ಟಡ ಕಾಣುವುದೇ ಇಲ್ಲ.

ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಮೂಡಭಟ್ಕಳದಲ್ಲಿದೆ, 16ನೇ ಶತಮಾನದ್ದು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಬಿಸಿಲಲ್ಲಿ ಹೋದವರು ಬಾಗಿಲ ಪಕ್ಕದ ದ್ವಾರಪಾಲಕರನ್ನು, ಗೋಡೆಯ ಮೇಲಿನ ರಾಮಾಯಣದ ಕೆತ್ತನೆಯನ್ನು ನೋಡಿ ಫೋಟೋ ತೆಗೆದು ಬರುತ್ತಾರೆ. ಹೋದ ವರ್ಷ ಸೆಪ್ಟೆಂಬರಿನ ಹುಬ್ಬೆ ಮಳೆಯಲ್ಲಿ ನಾವು ಒಂದಷ್ಟು ಜನ ಅಲ್ಲಿಗೆ ಹೋಗಿದ್ದೆವು. ಸಣ್ಣಗೆ ಹನಿಯುತ್ತಿದ್ದದ್ದು ಒಮ್ಮೆಲೇ ಜೋರಾಯಿತು. ಆಗ ಎಲ್ಲರ ಕಣ್ಣೂ ತಾನಾಗಿ ಮಾಡಿನ ಕಡೆಗೆ ಹೋಯಿತು. ಮಾಡು ಪೂರ್ತಿ ಕಲ್ಲು, ಆದರೆ ಹಂಚಿನ ಮಾಡಿನಂತೆ ಇಳಿಜಾರು. ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದಕ್ಕೂ ಒಂದೊಂದು ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಸಂದಿಗೆ ನೀರು ಇಳಿಯಬಾರದು ಅಂತ. ಮಂಟಪದ ಸುತ್ತ ಗೋಡೆಯ ಬದಲು ಕಲ್ಲಿನ ಪಟ್ಟಿಗಳು, ನಡುನಡುವೆ ಸಂದು. ಮರದ ಪಟ್ಟಿ ಹೊಡೆದು ಮಾಡಿದ ಕೆಲಸದ ಹಾಗೇ ಕಾಣುತ್ತದೆ, ಮುಟ್ಟಿದರೆ ಮಾತ್ರ ತಣ್ಣನೆಯ ಕಲ್ಲು. ಗಾಳಿ ಬೆಳಕು ಒಳಗೆ ಬರುತ್ತದೆ, ಇರಚಲು ಮಾತ್ರ ಪಟ್ಟಿಗೆ ಬಡಿದು ಹೊರಗೇ ಇಳಿಯುತ್ತದೆ. ನಮ್ಮ ಜೊತೆ ಬಂದಿದ್ದ ಬಡಿಗೆಯವರೊಬ್ಬರು ಅದನ್ನು ಕೈಯಿಂದ ಸವರಿ, "ಇದು ಮರದ ಕೆಲಸ ಗೊತ್ತಿದ್ದವರೇ ಮಾಡಿದ್ದು ಮಾರಾಯ್ರೆ, ಜೋಡಣೆ ನೋಡಿ" ಅಂದರು. ಆ ಮಾತು ಯಾವ ಫಲಕದ ಮೇಲೂ ಬರೆದಿಲ್ಲ. ಮರದಲ್ಲಿ ಕಲಿತ ವಿದ್ಯೆಯನ್ನು ಕಲ್ಲಿಗೆ ಇಳಿಸಿದ್ದಾರೆ ಅನ್ನುವುದು ಮಳೆ ಬಂದಾಗ, ಅದೂ ಒಬ್ಬ ಬಡಿಗೆ ಪಕ್ಕದಲ್ಲಿ ಇದ್ದಾಗ ನಮಗೆ ಹೊಳೆಯಿತು.

ಅಲ್ಲಿಂದ ಪೇಟೆಗೆ ಬಂದರೆ ಚಂದ್ರನಾಥೇಶ್ವರ ಬಸದಿ, ಸ್ವಲ್ಪ ದೂರದಲ್ಲಿ ಚಿನ್ನದ ಪಳ್ಳಿ ಅಂತ ಜನ ಕರೆಯುವ ಜಾಮಿಯಾ ಮಸೀದಿ, ಸುತ್ತ ನವಾಯತ ಮುಸ್ಲಿಮರ ಹಳೆಯ ಮನೆಗಳ ಓಣಿ. ನಡೆದೇ ಎಲ್ಲವನ್ನೂ ನೋಡಬಹುದಾದ ಊರು ಅದು. ಭಟ್ಕಳದ ಬಗ್ಗೆ ಹೊರಗಿನವರು ಏನೇನೋ ಮಾತಾಡುತ್ತಾರೆ. ಒಂದು ದಿನ ಆ ಬೀದಿಗಳಲ್ಲಿ ನಡೆದು ಆಮೇಲೆ ಮಾತಾಡಲಿ ಅಂತ ನನಗೆ ಅನಿಸುತ್ತದೆ.

ಮಿರ್ಜಾನ ಕೋಟೆಗೆ ಮಳೆಗಾಲದಲ್ಲಿ ಜನ ಬರುತ್ತಾರೆ, ಅದು ಗೊತ್ತು. ಪಾಚಿ ಕಟ್ಟಿದ ಹಸಿರು ಗೋಡೆಯ ಮುಂದೆ ರೀಲ್ಸ್ ಮಾಡಿಕೊಂಡು ಹೋಗುತ್ತಾರೆ. ಮಾಡಲಿ, ಚೆಂದ ಇದೆ. ಆದರೆ ಅವರಿಗೆ ಆ ಕಲ್ಲಿನ ಬಗ್ಗೆ ಹೇಳುವವರು ಅಲ್ಲಿ ಯಾರಾದರೂ ಇರಬೇಕಿತ್ತು ಅಲ್ವಾ? ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ, ನೆಲದೊಳಗೆ ಇರುವ ತನಕ ಮೆತ್ತಗೆ, ಕೊಡಲಿಯಿಂದ ಕಡಿಯಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. 1801ರಲ್ಲಿ ನಮ್ಮ ಕರಾವಳಿಯಲ್ಲಿ ಓಡಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಈ ಕಲ್ಲಿನ ಇದೇ ಗುಣದ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಅದರ ಮೈತುಂಬ ತೂತು. ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಕುಮಟಾದಿಂದ ಕಾರವಾರದ ತನಕ ಕೋಟೆ, ಬಾವಿ, ಗುಡಿಯ ಪೌಳಿ, ಮನೆಯ ತಳಪಾಯ, ಎಲ್ಲದಕ್ಕೂ ಇದೇ ಕಲ್ಲು. ಮಿರ್ಜಾನ ಕೋಟೆಯನ್ನು ಆಳಿದ, ಕರಿಮೆಣಸಿನ ರಾಣಿ ಅಂತ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆಯನ್ನು ನಡಿಗೆಯಲ್ಲಿ ಅರ್ಧ ಗಂಟೆ ಹೇಳುತ್ತಾರೆ. ಬೇಕು, ಹೇಳಲಿ. ಅದರ ಜೊತೆ ಹತ್ತು ನಿಮಿಷ ಈ ಕಲ್ಲಿನ ಕಥೆಯೂ ಬರಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದು ಗೊತ್ತಿಲ್ಲದೆ ನಾವು ಹಾಳು ಮಾಡುತ್ತಿರುವುದು ಜಾಸ್ತಿ. ನೀರು ಕುಡಿದು ಬಿಡುವ ಗೋಡೆಗೆ ಸುಣ್ಣದ ಗಾರೆ ಹೊಂದುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಹೊರಗೆ ಹೋಗಲು ದಾರಿ ಇಲ್ಲ, ಒಳಗೇ ಕೂತು ಗೋಡೆಯನ್ನು ತಿನ್ನುತ್ತದೆ. ನಾನು ಚಿಕ್ಕಂದಿನಿಂದ ನೋಡಿದ ಒಂದು ಗುಡಿಯಿದೆ, ಊರಿನ ಹೆಸರು ಬೇಡ. ಜೀರ್ಣೋದ್ಧಾರ ಆಯಿತು. ಹೊರಗೋಡೆಯ ಕಾವಿ ಚಿತ್ರಗಳ ಮೇಲೆ ಆಳೆತ್ತರಕ್ಕೆ ಹೊಳೆಯುವ ಟೈಲ್ಸ್ ಬಂತು. ಮಾಡಿದವರು ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿದರು, ಕೈಯಿಂದ ಹಣ ಹಾಕಿ ಮಾಡಿದರು. ಆ ಗೋಡೆಯಲ್ಲಿ ಏನಿತ್ತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನನಗೆ ಇವತ್ತಿಗೂ ಆ ಗುಡಿಗೆ ಹೋದಾಗ ಹೊಟ್ಟೆ ಉರಿಯುತ್ತದೆ.

ಕಾವಿ ಕಲೆ ಅಂದರೆ ಸುಮ್ನೆ ಗೋಡೆಗೆ ಕೆಂಪು ಬಣ್ಣ ಬಳಿದದ್ದಲ್ಲ. ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಕೊಳೆಯಲು ಬಿಟ್ಟು, ಕುಟ್ಟಿ ಹದ ಮಾಡಿ, ಗೋಡೆಗೆ ಬಿಳಿ ಗಾರೆ ಹಚ್ಚುತ್ತಾರೆ. ಅದು ಹಸಿ ಇರುವಾಗಲೇ ಮೇಲೆ ಕೆಮ್ಮಣ್ಣಿನ ಕಾವಿಯ ಪದರ. ಆಮೇಲೆ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಮೂಡುತ್ತದೆ. ಬಣ್ಣ ಗೋಡೆಯ ಮೇಲೆ ಇಲ್ಲ, ಗೋಡೆಯ ಚರ್ಮವೇ ಅದು. ಅದಕ್ಕೇ ಅಷ್ಟು ಮಳೆಗಾಲ ತಡೆದುಕೊಂಡು ನಿಂತಿದೆ. ಸಿರ್ಸಿಯ ಮಾರಿಕಾಂಬಾ ದೇವಸ್ಥಾನ ಇದಕ್ಕೆ ಹೆಸರುವಾಸಿ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ದೇವಿಯ ದರ್ಶನ ಮಾಡಿ, ಉಡಿ ತುಂಬಿ, ಪೇಟೆ ಸುತ್ತಿ ಹೋಗುತ್ತಾರೆ. ಗೋಡೆಯ ಮುಂದೆ ನಿಲ್ಲುವವರು ಕಡಿಮೆ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ಕೊಂಕಣ ಕರಾವಳಿ ಉದ್ದಕ್ಕೂ ಗುಡಿಯಿಂದ ಗುಡಿಗೆ ಅಲೆದು ಈ ಚಿತ್ರಗಳ ಫೋಟೋ ತೆಗೆದು ದಾಖಲಿಸಿದರು. ಅವರು ನೋಡಿದ ಎಷ್ಟೋ ಗೋಡೆಗಳು ಜೀರ್ಣೋದ್ಧಾರದಲ್ಲಿ ಹೋದವು. ಒಬ್ಬ ಮನುಷ್ಯ ಮಾಡಿದ್ದನ್ನು ಒಂದು ಜಿಲ್ಲೆ ಸೇರಿ ಮುಂದುವರಿಸಲು ಆಗುವುದಿಲ್ಲವೇ?

ಇನ್ನು ಮನೆಗಳ ವಿಷಯ. ನನ್ನ ಪ್ರಕಾರ ನಡಿಗೆಗಳು ಗುಡಿ, ಕೋಟೆ ಬಿಟ್ಟು ಮನೆಯೊಳಗೆ ಬರಬೇಕು. ಸಿರ್ಸಿ, ಸಿದ್ದಾಪುರದ ಕಡೆಯ ಹಳೆಯ ತೋಟಿಗರ ಮನೆಗೆ ಮಳೆಗಾಲದಲ್ಲಿ ಹೋಗಿ. ಸೂರು ಎಷ್ಟು ಕೆಳಗೆ ಇಳಿದಿರುತ್ತದೆ ಅಂದರೆ ತಲೆ ಬಗ್ಗಿಸಿಯೇ ಜಗುಲಿ ಹತ್ತಬೇಕು. ಗಾಳಿಮಳೆ ಹೊಡೆಯುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಮಣ್ಣಿನ ಗೋಡೆಯನ್ನು ಮುಚ್ಚಿರುತ್ತಾರೆ. ಅಡುಗೆಮನೆಯ ಹೊಗೆ ಅಟ್ಟ ಹಾಯ್ದು ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಪಕಾಸು, ರೀಪುಗಳಿಗೆ ಕಪ್ಪು ಮೆತ್ತುತ್ತದೆ, ಆ ಕಪ್ಪು ಇದ್ದಲ್ಲಿ ಹುಳ ಬರುವುದಿಲ್ಲ. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಹೆಂಗಸರ ಕಣ್ಣು, ಎದೆ ಉಳಿಯಿತು, ಅದು ದೊಡ್ಡ ವಿಷಯ. ಆದರೆ ಅಟ್ಟದ ಮರಕ್ಕೆ ಈಗ ಬೇರೆ ರಕ್ಷಣೆ ಬೇಕು ಅನ್ನುವುದು ಎಷ್ಟೋ ಮನೆಯಲ್ಲಿ ಗೊತ್ತಾಗುವುದು ತೊಲೆ ಟೊಳ್ಳಾದ ಮೇಲೆ.

ಮಂಗಳೂರು ಹಂಚು ಬಂದದ್ದು 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಮೇಲೆ. ಅದಕ್ಕೂ ಮೊದಲು ಹುಲ್ಲು, ಸೋಗೆ, ಇಲ್ಲವೇ ಕುಂಬಾರರ ನಾಡಹಂಚು. ಪ್ರತಿ ವರ್ಷ ಮೇ ತಿಂಗಳಲ್ಲಿ ಹಂಚು ಸರಿ ಮಾಡುವವರು ಮಾಡು ಹತ್ತಿ, ಒಡೆದದ್ದು ತೆಗೆದು, ಜರುಗಿದ್ದನ್ನು ಕೂರಿಸಿ, ಸಂದಿಯಲ್ಲಿ ಸಿಕ್ಕ ದರಕು ಕಿತ್ತು ಇಳಿಯುತ್ತಿದ್ದರು. ಈಗ ಆ ಕೆಲಸಕ್ಕೆ ಜನ ಸಿಗುತ್ತಿಲ್ಲ, ಹಾಗಾಗಿ ತಗಡು ಹಾಕಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸೋರುವ ಮನೆಯಲ್ಲಿ ಬಾಳುವುದು ಹೇಗೆ ಅಂತ ಹೊರಗೆ ನಿಂತವರು ಹೇಳಬಾರದು. ನಾನು ಕೇಳುವುದು ಇಷ್ಟೇ. ನಡಿಗೆಯಲ್ಲಿ ಮಾತಾಡಲು ಇತಿಹಾಸದ ಮೇಷ್ಟ್ರನ್ನು ಕರೆಯುವಾಗ ಹಂಚು ಹೊದಿಸುವವರನ್ನೂ ಕರೆಯಿರಿ, ಗಾರೆಯವರನ್ನು, ಬಡಿಗೆಯವರನ್ನು ಕರೆಯಿರಿ. ಅವರಿಗೂ ಮೈಕ್ ಕೊಡಿ, ಅವರಿಗೂ ಗೌರವಧನ ಕೊಡಿ. ನಾಲ್ಕು ಹುಡುಗರು ಆ ಕೆಲಸ ಕಲಿಯಲು ಮನಸ್ಸು ಮಾಡುವುದು ಅದಕ್ಕೆ ಮರ್ಯಾದೆ ಇದೆ ಅಂತ ಕಂಡಾಗ.

ಮಳೆಗಾಲದಲ್ಲಿ ಜನರನ್ನು ಹೊರಗೆ ಕರೆಯುವುದು ಅಪಾಯ ಅಲ್ವಾ ಅಂತ ಕೇಳುವವರ ಮಾತು ಸರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದದ್ದನ್ನು ಈ ಜಿಲ್ಲೆಯವರು ಯಾರೂ ಮರೆಯುವುದಿಲ್ಲ. ಆರಿದ್ರಾ, ಪುನರ್ವಸು, ಪುಷ್ಯದ ಅಬ್ಬರದಲ್ಲಿ ಯಾರೂ ಎಲ್ಲಿಗೂ ಹೋಗುವುದು ಬೇಡ, ರೆಡ್ ಅಲರ್ಟ್ ಇದ್ದರೆ ಮನೆಯಲ್ಲೇ ಇರಿ. ನಾನು ಹೇಳುತ್ತಿರುವುದು ಹುಬ್ಬೆ, ಉತ್ತರೆ ಮಳೆಯ ಕಾಲ, ಸೆಪ್ಟೆಂಬರ್. ಒಂದು ಗಂಟೆ ಸುರಿಯುತ್ತದೆ, ಎರಡು ಗಂಟೆ ಹೊಳವಾಗುತ್ತದೆ. ಘಟ್ಟದ ರಸ್ತೆ ಬೇಡ, ಊರೊಳಗಿನ ನಡಿಗೆ ಸಾಕು. ಶಾಲೆಯೂ ನಡೆಯುತ್ತಿರುತ್ತದೆ.

ಮತ್ತೆ ಅದೇ ಹೊತ್ತಿಗೆ ಚೌತಿ ಬರುತ್ತದೆ! ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಂಗತಿ. ಫ್ರಾನ್ಸ್‌ನಲ್ಲಿ 1984ರಿಂದ ಸೆಪ್ಟೆಂಬರಿನಲ್ಲೇ ಹಳೆಯ ಕಟ್ಟಡಗಳ ಬಾಗಿಲು ಎಲ್ಲರಿಗೂ ತೆರೆಯುವ ಹಬ್ಬ ನಡೆಯುತ್ತಿದೆ, ಆಮೇಲೆ ಯುರೋಪಿನ ಉಳಿದ ದೇಶಗಳೂ ಅದನ್ನು ಹಿಡಿದವು. ನಮ್ಮಲ್ಲಿ ಅಹಮದಾಬಾದ್ 1997ರ ನವೆಂಬರ್ 19ರಂದು ಪೋಳ ಅನ್ನುವ ಹಳೆಯ ಓಣಿಕೇರಿಗಳ ನಡುವೆ ನಡಿಗೆ ಶುರು ಮಾಡಿ ದಿನವೂ ಬೆಳಿಗ್ಗೆ ನಡೆಸುತ್ತಾ ಬಂತು, 2017ರಲ್ಲಿ ಆ ಊರು ವಿಶ್ವ ಪರಂಪರೆ ನಗರ ಆಯಿತು. ನಮಗೆ ಬಾಗಿಲು ತೆರೆಯುವುದನ್ನು ಯಾರೂ ಕಲಿಸಬೇಕಿಲ್ಲ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಚೌತಿಯ ದಿನ ಗಣಪತಿ ನೋಡಲು ಮನೆ ಮನೆಗೆ ಹೋಗುವುದು ರೂಢಿ. ಪರಿಚಯ ಇಲ್ಲದಿದ್ದರೂ ಒಳಗೆ ಕರೆದು ಕೂರಿಸಿ ಪಂಚಕಜ್ಜಾಯ ಕೊಡುತ್ತಾರೆ. ಮುಂಬೈ, ಬೆಂಗಳೂರು ಸೇರಿದ ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ. ಗಣಪತಿಯ ತಲೆಯ ಮೇಲೆ ಹಣ್ಣು, ಕಾಯಿಗಳ ಫಲಾವಳಿ ಕಟ್ಟಿರುತ್ತಾರೆ, ಅದು ತೂಗುವುದು ಹಳೆಯ ತೊಲೆಯಿಂದ. ಎಲ್ಲರೂ ಹೇಗೂ ತಲೆ ಎತ್ತಿ ನೋಡುತ್ತಾರೆ. ಅದೇ ಹೊತ್ತಿಗೆ ಆ ತೊಲೆ ಯಾವ ಮರ, ಮಾಡು ಕಟ್ಟಿ ಎಷ್ಟು ತಲೆಮಾರು ಆಯಿತು, ಮನೆಯ ಅಜ್ಜಿಯ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ಆಯಿತು.

ಕಾರವಾರದವರಿಗೆ ಇದು ಇನ್ನೂ ಜರೂರು. 1862ರಲ್ಲಿ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ ಬೆಳೆದ ಊರು ಅದು. ಅಗಲ ಜಗುಲಿಯ ಹಂಚಿನ ಬಂಗಲೆಗಳು ಆ ಕಾಲದ ಗುರುತು. ಸತ್ಯೇಂದ್ರನಾಥ ಟಾಗೋರ್ ಇಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರರು ಬಂದು ಉಳಿದಿದ್ದರು ಅಂತ ಬೀಚಿಗೆ ಹೆಸರಿಟ್ಟೆವು. ಆ ಕಾಲದ ಊರು ಹೇಗಿತ್ತು ಅಂತ ತೋರಿಸುವ ಕಟ್ಟಡಗಳನ್ನೂ ಮಕ್ಕಳಿಗೆ ತೋರಿಸಬೇಕಲ್ಲ. 1986ರಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, ಕಾರವಾರ ಅಂಕೋಲಾ ನಡುವಿನ ಊರುಗಳು ಎದ್ದು ಹೋದವು. ಆ ಮನೆಗಳಲ್ಲಿ ಹುಟ್ಟಿ ಬೆಳೆದವರು ಈಗ ಪುನರ್ವಸತಿ ಕಾಲೊನಿಗಳಲ್ಲಿ ಮುಪ್ಪಾಗುತ್ತಿದ್ದಾರೆ. ಕಾರವಾರದಲ್ಲಿ ನಡೆಯುವ ಮೊದಲ ಮಳೆಗಾಲದ ನಡಿಗೆಗೆ ಅವರನ್ನು ಕರೆಯಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಗುಲಿ ಎಲ್ಲಿತ್ತು, ಬಾವಿ ಎಲ್ಲಿತ್ತು, ತುಳಸಿಕಟ್ಟೆ ಯಾವ ಕಡೆಗಿತ್ತು ಅಂತ ಅವರು ಬರೆದು ತೋರಿಸಲಿ, ನಾವು ನಿಂತು ಕೇಳೋಣ.

ನನ್ನ ಕಡೆಯಿಂದ ಇಷ್ಟು. ಈ ಸಲ ಚೌತಿ ಮುಗಿದ ಮೊದಲ ಭಾನುವಾರ ಕುಮಟಾದಲ್ಲಿ ಗುಡಿ ಒಂದು, ಹಳೆ ಮನೆ ಎರಡು ನೋಡುವ ನಡಿಗೆ ಇಟ್ಟುಕೊಳ್ಳಲು ನಾನು ಸಿದ್ಧ. ಮನೆಯವರು ಒಪ್ಪಿದ್ದಾರೆ. ಹಂಚಿನ ಕೆಲಸದವರೊಬ್ಬರು, ಗಾರೆಯವರೊಬ್ಬರು ಬರುತ್ತೇನೆ ಅಂದಿದ್ದಾರೆ. ಸಿರ್ಸಿ, ಭಟ್ಕಳ, ಕಾರವಾರದಲ್ಲಿ ಇದೇ ದಿನ ಯಾರಾದರೂ ಹಿಡಿದರೆ ಒಟ್ಟಿಗೆ ಮಾಡೋಣ. ಕೊಡೆ ತನ್ನಿ, ಜಾರದ ಚಪ್ಪಲಿ ಹಾಕಿಕೊಂಡು ಬನ್ನಿ.